ಅಪ್ಪನ ಪಾಲಿನ ನೀರು

ನಮ್ಮಪ್ಪನಿಗೆ ದಿನಕ್ಕೆ ಒಂದು ಲೀಟರ್‌ಗಿಂತ ಕಡಿಮೆ ನೀರು. ಚಹಾ, ಸಾರು, ಮಜ್ಜಿಗೆ ಎಲ್ಲ ಸೇರಿ ಅಷ್ಟೇ. ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್, ಒಂದೊಂದು ಸಲಕ್ಕೆ ನಾಲ್ಕು ಗಂಟೆ. ಮಲಗಿಸುವ ಮೊದಲು ತೂಕ ನೋಡುತ್ತಾರೆ. ಎರಡು ಕೆಜಿ ಜಾಸ್ತಿ ಬಂದರೆ ಅದು ಊಟದ ತೂಕ ಅಲ್ಲ, ಹೊರಗೆ ಹೋಗಲಾರದೆ ಒಳಗೇ ನಿಂತ ನೀರಿನ ತೂಕ. ಅದು ಎದೆಗೆ ಏರಿದರೆ ಉಸಿರು ಕಟ್ಟುತ್ತದೆ. ಹಾಗೆ ಒಮ್ಮೆ ಕಟ್ಟಿದ್ದನ್ನು ನಾನು ನೋಡಿದ್ದೇನೆ.

ಜನವರಿಯಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಅಡುಗೆಮನೆಯಿಂದ ನಲ್ಲಿಯ ಸದ್ದು ಬಂತು. ಎದ್ದು ಹೋದೆ. ಅಪ್ಪ ಕತ್ತಲಲ್ಲಿ ನಿಂತಿದ್ದ. ಸಣ್ಣಗೆ ನೀರು ಬಿಟ್ಟು ಅದರ ಕೆಳಗೆ ಅಂಗೈ ಹಿಡಿದಿದ್ದ. "ಕುಡ್ದಿಲ್ಲವ್ವಾ. ಸುಮ್ನೆ ಕೈ ಹಿಡ್ದೀನಿ" ಅಂದ. ನಾನು ನಂಬಲಿಲ್ಲ. ಕೂಗಾಡಿದೆ. ನಲ್ಲಿ ಬಂದ್ ಮಾಡಿ, ಲೋಟಗಳನ್ನೆಲ್ಲ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಎಪ್ಪತ್ತು ದಾಟಿದ ಮನುಷ್ಯ ಒಂದೂ ಮಾತಾಡದೆ ಹೋಗಿ ಮಲಗಿದ. ಮಾರನೇ ದಿನ ತೂಕ ಹೆಚ್ಚಿರಲೇ ಇಲ್ಲ. ಅವನು ನಿಜ ಹೇಳಿದ್ದ.

ಆ ಬೀಗ ನನ್ನ ಎದೆಯ ಮೇಲೆ ಕೂತುಬಿಟ್ಟಿತು. ಏಪ್ರಿಲ್ ಕೊನೆಗೆ ರಜೆ ಸಿಕ್ಕಾಗ, ಅಪ್ಪನ ಊರ ಕಡೆ ಹೋಗಿ ಬರುತ್ತೇನೆ ಅಂದೆ. ಬಿಸಿಲಿಗೆ ಬೇಡ ಅಂತಾನೆ ಅಂದುಕೊಂಡಿದ್ದೆ. ಅವನು ಹಾಗೆ ಅನ್ನಲಿಲ್ಲ. "ನಮ್ಮ ಕಡೀ ನೀರು ಕುಡ್ದು ಬಾ. ನನ್ನ ಪಾಲಿಂದೂ ನೀನೇ ಕುಡಿ. ರಾತ್ರಿ ಫೋನ್ ಮಾಡಿ ರುಚಿ ಹೇಳು" ಅಂದ. ತಮ್ಮನಿಗೆ ಅಪ್ಪನನ್ನು ಒಪ್ಪಿಸಿ ರಾತ್ರಿ ರೈಲು ಹತ್ತಿದೆ.

ಮೊದಲ ದಿನ: ಕಲಬುರಗಿ

ರಾಯಚೂರು ದಾಟಿದ ಮೇಲೆ ಕೃಷ್ಣಾ ಸೇತುವೆಯ ಸದ್ದಿಗೆ ಎಚ್ಚರವಾಯಿತು. ಕಲಬುರಗಿಯಲ್ಲಿ ಇಳಿದಾಗ ಇನ್ನೂ ಎಂಟು ಗಂಟೆ. ಆಗಲೇ ಪ್ಲಾಟ್‌ಫಾರ್ಮ್ ಕಾಯತೊಡಗಿತ್ತು. ಈ ತಿಂಗಳಲ್ಲಿ ಇಲ್ಲಿ ನಲವತ್ತು ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ.

ಹನ್ನೊಂದರ ಹೊತ್ತಿಗೆ ಸೂಪರ್ ಮಾರ್ಕೆಟ್ ಹತ್ತಿರ ಒಂದು ಅರವಟ್ಟಿಗೆ ಕಂಡಿತು. ನಾಲ್ಕು ಗಳ, ಮೇಲೆ ತಟ್ಟು, ಕೆಳಗೆ ಒದ್ದೆ ಮರಳಿನಲ್ಲಿ ಕೂರಿಸಿದ ಮೂರು ಹರವಿ, ಅಂದರೆ ನೀರು ತುಂಬಿಡುವ ಮಣ್ಣಿನ ಗಡಿಗೆ. ಹರವಿಗೆ ಸುತ್ತಿದ ಬಟ್ಟೆಗೆ ಒಬ್ಬ ಅಜ್ಜಿ ನೀರು ಚಿಮುಕಿಸುತ್ತಿದ್ದರು. ನಾನು ಗಟಗಟ ಕುಡಿಯುವುದನ್ನು ನೋಡಿ ಅಂದರು: "ಭಾಳ ನೀರಡಿಕಿ ಆಗ್ಯಾದಲ್ಲ. ಒಮ್ಮಿಗೇ ಕುಡೀಬ್ಯಾಡ್ರಿ, ಕುಂಡ್ರಿ, ಕುಂತು ಕುಡೀರಿ."

ನೀರಡಿಕೆ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ನನ್ನ ಬಾಯಲ್ಲಿರುವುದು ಬಾಯಾರಿಕೆ. ನಮ್ಮ ಮನೆಯಲ್ಲಿ ನೀರಡಿಕೆ ಅನ್ನುವವನು ಅಪ್ಪ ಒಬ್ಬನೇ. ಚಿಕ್ಕವರಿದ್ದಾಗ ಅದನ್ನು ಕೇಳಿ ನಕ್ಕಿದ್ದೂ ಉಂಟು. ಅವತ್ತು ಹರವಿಯ ಪಕ್ಕ ಕೂತಾಗ ಎರಡೂ ಪದ ಬೇರೆ ಬೇರೆಯಾಗಿ ಕೇಳಿಸಿದವು. ಬಾಯಾರಿಕೆ ಅಂದರೆ ಬಾಯಿ ಆರುವುದು. ಅಲ್ಲಿ ಮಾತು ಬಾಯಿಯದು, ಅಂದರೆ ನನ್ನದು. ನೀರಡಿಕೆಯಲ್ಲಿ ಬಾಯಿಯ ಸುದ್ದಿಯೇ ಇಲ್ಲ. ಅದು ನೀರನ್ನೇ ಮೊದಲು ಕರೆಯುತ್ತದೆ. ಏನು ಇಲ್ಲವೋ ಅದರ ಹೆಸರಿನಿಂದಲೇ ಶುರುವಾಗುವ ಪದ. ಮನುಷ್ಯ ಹಂಬಲಿಸುವುದೂ ಹೀಗೆ ಎರಡು ಥರ ಇರಬಹುದು ಅನ್ನಿಸಿತು. ನನಗೆ ಏನೋ ಬೇಕು, ಏನೆಂದು ಗೊತ್ತಿಲ್ಲ ಅನ್ನುವುದು ಒಂದು. ಬೇಕಾದದ್ದರ ಹೆಸರು, ಮುಖ, ರುಚಿ ಎಲ್ಲ ಗೊತ್ತಿದ್ದು ಕರೆಯುವುದು ಇನ್ನೊಂದು. ಎರಡನೆಯದು ಜಾಸ್ತಿ ಸುಡುತ್ತದೆ.

ಸಂಜೆ ಶರಣಬಸವೇಶ್ವರರ ಗುಡಿಗೆ ಹೋದೆ. 1746ರಿಂದ 1822ರವರೆಗೆ ಬದುಕಿದ್ದ ಶರಣರು ಅವರು. ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ, ತೆನೆ ತಿನ್ನಲು ಬಿಟ್ಟು, ಕುಡಿಯಲು ನೀರೂ ಇಡುತ್ತಿದ್ದರು ಅನ್ನುವ ಕಥೆಯನ್ನು ಅಪ್ಪ ನಮಗೆ ನೂರು ಸಲ ಹೇಳಿದ್ದ. ಜೋಳ ತಿಂದ ಹಕ್ಕಿಗೆ ನೀರಡಿಕೆ ಆಗುತ್ತದೆ ಎಂದು ಯೋಚಿಸಿದರಲ್ಲ, ಅದು ದೊಡ್ಡದು ಅನ್ನುತ್ತಿದ್ದ. ತಿನ್ನಲು ಬಿಡುವವರು ಸಿಗುತ್ತಾರೆ. ಮುಂದಿನದನ್ನು ನೆನೆಯುವವರು ಕಡಿಮೆ.

ರಾತ್ರಿ ಖಾನಾವಳಿಯಲ್ಲಿ ಕೂತ ಕೂಡಲೇ ಮೊದಲು ಬಂದದ್ದು ನೀರಿನ ತಂಬಿಗೆ. ಆಮೇಲೆ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಉಂಡು ಅಪ್ಪನಿಗೆ ಫೋನ್ ಮಾಡಿದೆ.

"ಹರವಿ ನೀರು ಕುಡಿದೆ ಅಪ್ಪಾ."

"ಮಣ್ಣಿನ ವಾಸನಿ ಇತ್ತೇನು?"

"ಇತ್ತು. ಮೊದಲ ಮಳೆ ಬಿದ್ದಾಗ ಬರುತ್ತಲ್ಲ, ಹಾಗೆ."

ಆ ಕಡೆ ಅಪ್ಪ ಏನನ್ನೋ ನುಂಗಿದ ಸದ್ದು ಕೇಳಿತು. ಬರೀ ಉಗುಳು.

ಎರಡನೇ ದಿನ: ಬೀದರ್

ಬೆಳಗಿನ ಬಸ್ಸಿಗೆ ಹುಮನಾಬಾದ್ ಮೇಲೆ ಬೀದರ್. ಊರು ಕೂತಿರುವುದು ಕೆಂಪು ಜಂಬಿಟ್ಟಿಗೆಯ ಎತ್ತರದ ನೆಲದ ಮೇಲೆ. ಈ ಕಲ್ಲಿನ ತುಂಬ ಸಣ್ಣ ಸಣ್ಣ ತೂತು. ಬಿದ್ದ ಮಳೆಯನ್ನು ಅದು ಕುಡಿಯುತ್ತದೆ. ಕೆಳಗೆ ಕಪ್ಪು ಬಸಾಲ್ಟ್ ಕಲ್ಲಿದೆ, ಅದು ಸುಲಭಕ್ಕೆ ಕುಡಿಯುವುದಿಲ್ಲ. ಹಾಗಾಗಿ ನೀರು ಎರಡೂ ಕಲ್ಲು ಕೂಡುವಲ್ಲಿ ಪಕ್ಕಕ್ಕೆ ಹರಿದು, ದಿಬ್ಬದ ಅಂಚುಗಳಲ್ಲಿ ಝರಿಯಾಗಿ ಹೊರಬರುತ್ತದೆ. ಬೀದರಿನ ಅಂಚಿನಲ್ಲಿ ಇಷ್ಟೊಂದು ಪವಿತ್ರ ಝರಿಗಳು ಇರುವುದಕ್ಕೆ ಇದೇ ಕಾರಣ. ಮೇಲಿನ ಕಲ್ಲು ಕುಡಿದದ್ದನ್ನು ಕೆಳಗಿನ ಕಲ್ಲು ತಡೆದದ್ದರಿಂದ ನಮಗೆ ನೀರು ಸಿಕ್ಕಿತು.

ಮೊದಲು ಝರಣಿ ನರಸಿಂಹ. ಸುಮಾರು 300 ಮೀಟರ್ ಉದ್ದದ ಸುರಂಗ. ಅದರ ಕೊನೆಗೆ ದೇವರು. ಉದ್ದಕ್ಕೂ ನೀರಿನಲ್ಲೇ ನಡೆಯಬೇಕು. ಸೊಂಟದಿಂದ ಶುರುವಾಗಿ ಎದೆಯವರೆಗೆ ಬಂತು. ತಲೆಯ ಮೇಲೆ ಬಾವಲಿಗಳು. ಮುಂದೆ ಒಬ್ಬ ತಂದೆ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆಯುತ್ತಿದ್ದ. ಆ ಹುಡುಗಿ ಬಾಗಿ ಬಾಗಿ ನೀರು ಮುಟ್ಟುತ್ತಿದ್ದಳು. ಇಲ್ಲಿಯ ಕಥೆ ಹೀಗಿದೆ. ಒಬ್ಬ ಅಸುರನನ್ನು ನರಸಿಂಹ ಕೊಂದಾಗ ಅವನು ನೀರಾಗಿ ಕರಗಿ ದೇವರ ಪಾದದಲ್ಲಿ ಹರಿಯತೊಡಗಿದ. ಈಗಲೂ ಹರಿಯುತ್ತಿದ್ದಾನೆ.

ನಡುವಿನಲ್ಲಿ ನನಗೆ ವಿಪರೀತ ನೀರಡಿಕೆಯಾಯಿತು. ಎದೆಮಟ್ಟ ನೀರಿನಲ್ಲಿ ನಿಂತು ನೀರಡಿಕೆ! ನೂರಾರು ಜನ ನಡೆದ ನೀರು, ಕುಡಿಯುವಂತಿಲ್ಲ. ತುಟಿಯಿಂದ ಒಂದು ಗೇಣು ಕೆಳಗಿತ್ತು ಅದು. ಅಪ್ಪ ದಿನವೂ ನಿಂತಿರುವುದು ಇಲ್ಲೇ ಅಂತ ಗೊತ್ತಾಯಿತು. ಅವನ ಕಾಲು ಊದಿರುತ್ತದೆ, ಒತ್ತಿದರೆ ಬೆರಳು ಒಳಗೆ ಹೋಗುತ್ತದೆ. ಮೈತುಂಬ ನೀರು. ಆದರೂ ಗಂಟಲು ಒಣಗಿರುತ್ತದೆ.

ಡಯಾಲಿಸಿಸ್ ಕೋಣೆಯ ಹುಡುಗ ಒಮ್ಮೆ ನನಗೆ ಬಿಡಿಸಿ ಹೇಳಿದ್ದ. ನೀರಡಿಕೆ ಹುಟ್ಟುವುದು ಬಾಯಿಯಲ್ಲಲ್ಲ, ಮಿದುಳಿನಲ್ಲಿ. ರಕ್ತದಲ್ಲಿ ಉಪ್ಪಿನ ಸಾಂದ್ರತೆ ಶೇ. 1ರಿಂದ 2ರಷ್ಟು ಏರಿದರೂ ಸಾಕು, ಮಿದುಳು ನೀರು ಕೇಳುತ್ತದೆ. ಅದಕ್ಕೇ ಈ ರೋಗಿಗಳಿಗೆ ನೀರಿಗಿಂತ ಮೊದಲು ಉಪ್ಪು ಕಡಿಮೆ ಮಾಡಿ ಅನ್ನುತ್ತಾರೆ. ಅವನು ಹೇಳಿದ ಇನ್ನೊಂದು ಮಾತನ್ನು ನಾನು ಮರೆತೇ ಇಲ್ಲ. ನಾವು ಕುಡಿದ ನೀರು ರಕ್ತಕ್ಕೆ ಸೇರಲು ಸುಮಾರು ಹತ್ತು ನಿಮಿಷವಾದರೂ ಬೇಕು. ಆದರೆ ನೀರಡಿಕೆ ಇಳಿಯುವುದು ನಾಲ್ಕು ಗುಟುಕು ಕುಡಿದ ತಕ್ಷಣ. ಬಾಯಿ, ಗಂಟಲು ಮೊದಲೇ ಹೋಗಿ ಸುದ್ದಿ ಮುಟ್ಟಿಸುತ್ತವೆ: ಬರುತ್ತಿದೆ, ತಾಳು. ಮಿದುಳು ಆ ಮಾತನ್ನು ನಂಬುತ್ತದೆ. ಅಂದರೆ ನಮ್ಮನ್ನು ಮೊದಲು ತಣಿಸುವುದು ನೀರಲ್ಲ, ನೀರು ಬರುತ್ತಿದೆ ಅನ್ನುವ ಸುದ್ದಿ.

ಮಧ್ಯಾಹ್ನ ಗುರುನಾನಕ್ ಝೀರಾ. 16ನೇ ಶತಮಾನದ ಮೊದಲ ಭಾಗದಲ್ಲಿ ಗುರುನಾನಕರು ದಕ್ಷಿಣಕ್ಕೆ ಬಂದಾಗ ಇಲ್ಲಿ ಇಳಿದುಕೊಂಡಿದ್ದರಂತೆ. ಸಿಹಿನೀರು ಇಲ್ಲ, ಬಾವಿ ತೋಡಿದರೆ ಉಪ್ಪುನೀರು ಬರುತ್ತದೆ ಎಂದು ಜನ ಅವರ ಹತ್ತಿರ ಅತ್ತುಕೊಂಡರು. ಗುರುಗಳು ಕಾಲಿನಿಂದ ಒಂದು ಕಲ್ಲು ಸರಿಸಿದರು, ಸಿಹಿನೀರು ಉಕ್ಕಿತು. ಈ ಕಥೆಯಲ್ಲಿ ನನಗೆ ಇಷ್ಟವಾಗುವುದು ಪವಾಡಕ್ಕಿಂತ ಆ ಕಲ್ಲು. ನೀರು ಅಲ್ಲೇ ಇತ್ತು, ಕಲ್ಲಿನ ಅಡಿಗೆ. ಪಂಜಾಬಿನಿಂದ ನಡೆದು ಬಂದ ಒಬ್ಬ ಪರವೂರಿನವರು ಇಲ್ಲಿಯವರ ಸಂಕಟ ಕೇಳಿಸಿಕೊಳ್ಳಬೇಕಾಯಿತು.

ತಲೆಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋದೆ. ಬೊಗಸೆಯಲ್ಲಿ ಹಿಡಿದು ಕುಡಿದೆ. ಒಮ್ಮೆ ನನಗೆ, ಒಮ್ಮೆ ಅಪ್ಪನಿಗೆ. ಗುರುದ್ವಾರದ ಊಟದ ಮನೆಯಾದ ಲಂಗರಿನಲ್ಲಿ ಸಾಲಿಗೆ ಕೂತು ಊಟ ಮಾಡಿದೆ. ಪಕ್ಕದಲ್ಲಿ ನಾಂದೇಡದಿಂದ ಬಂದ ಒಂದು ಸಿಖ್ ಕುಟುಂಬ, ಎದುರಿಗೆ ಭಾಲ್ಕಿ ಕಡೆಯ ರೈತರು. ನೀರು ಬಡಿಸುವ ಹುಡುಗ ಯಾರನ್ನೂ ಬೇಕಾ ಅಂತ ಕೇಳುತ್ತಿರಲಿಲ್ಲ. ಲೋಟ ಖಾಲಿ ಕಂಡರೆ ತುಂಬಿಸುತ್ತಿದ್ದ.

ಬಿಸಿಲು ಇಳಿದ ಮೇಲೆ ನೌಬಾದ್. ಅಲ್ಲಿ ಬಹಮನಿ ಕಾಲದ ಕರೇಜ್ ಇದೆ. ಊರವರು ಸುರಂಗ ಬಾವಿ ಅನ್ನುತ್ತಾರೆ. 15ನೇ ಶತಮಾನದ ಕೆಲಸ. ಪರ್ಷಿಯಾದ ಮರುಭೂಮಿಯಲ್ಲಿ ಕಲಿತ ವಿದ್ಯೆ. ದಿಬ್ಬದ ಒಳಗಿನ ನೀರಿನ ಸೆಲೆಯಿಂದ ಶುರುಮಾಡಿ, ಸ್ವಲ್ಪವೇ ಸ್ವಲ್ಪ ಇಳಿಜಾರಿಗೆ ಕಲ್ಲು ಕೊರೆದು ಎರಡು ಕಿಲೋಮೀಟರ್‌ಗಿಂತ ಜಾಸ್ತಿ ದೂರ ತಂದಿದ್ದಾರೆ. ಅಲ್ಲಲ್ಲಿ ಮೇಲಿನಿಂದ ಬಾವಿಯಂಥ ತೂತು, ಗಾಳಿಗೆ, ಬೆಳಕಿಗೆ, ಇಳಿದು ಹೂಳು ತೆಗೆಯುವುದಕ್ಕೆ. ಯಂತ್ರ ಇಲ್ಲ, ಎತ್ತುವವರಿಲ್ಲ. ನೀರು ತಾನೇ ನಡೆದು ಬರುತ್ತದೆ, ಬಿಸಿಲು ಮುಟ್ಟದ ಹಾಗೆ.

ಒಂದು ತೂತಿನ ಅಂಚಿಗೆ ಬಾಗಿ ನೋಡಿದೆ. ಕತ್ತಲು, ಕೆಳಗಿನಿಂದ ತಣ್ಣನೆಯ ಉಸಿರು. ಒಳಗೆ ಉಳಿ ಹಿಡಿದು ಕೂತವರನ್ನು ನೆನೆದೆ. ದಿನಕ್ಕೆ ಎಷ್ಟು ಗೇಣು ಸಾಗುತ್ತಿದ್ದರೋ! ಶುರುಮಾಡಿದವರಲ್ಲಿ ಎಷ್ಟು ಜನ ಆ ನೀರು ಕುಡಿದರೋ! ಆಸೆ ಕೆಟ್ಟದ್ದು, ಆಸೆಯೇ ದುಃಖಕ್ಕೆ ಮೂಲ ಅಂತ ಕೇಳಿಕೊಂಡೇ ಬೆಳೆದವಳು ನಾನು. ಆದರೆ ಈ ಸುರಂಗ ಇನ್ನೇನು? ಕಲ್ಲಿನೊಳಗೆ ಎರಡು ಕಿಲೋಮೀಟರ್ ನಡೆದ ಆಸೆಯೇ ಅಲ್ವಾ? ನಡುವೆ ಎಷ್ಟೋ ಕಾಲ ಇದು ಹೂಳು ತುಂಬಿ ಮರೆತೇಹೋಗಿತ್ತು. ಮನೆಮನೆಗೆ ಬೋರ್‌ವೆಲ್ ಬಂದಮೇಲೆ ಯಾರಿಗೂ ಇದರ ನೆನಪು ಬೇಕಾಗಲಿಲ್ಲ. ಈಚಿನ ವರ್ಷಗಳಲ್ಲಿ ಹೂಳು ತೆಗೆದರು. ನಾನು ತುಂಬ ಹೊತ್ತು ಅಲ್ಲೇ ಕೂತಿದ್ದೆ.

ರಾತ್ರಿ ಅಪ್ಪ ಝೀರಾ ನೀರಿನ ಬಗ್ಗೆ ಬಿಡಲೇ ಇಲ್ಲ.

"ಸಿಹಿ ಅಂದ್ರ ಹ್ಯಾಂಗ ಸಿಹಿ? ಸಕ್ಕರಿ ಹಂಗ?"

"ಅಲ್ಲ ಅಪ್ಪಾ. ಕುಡಿದ ಮೇಲೆ ಬಾಯಲ್ಲಿ ಏನೂ ಉಳಿಯಲ್ಲ. ಅಂಥ ಸಿಹಿ."

"ಹಾಂ" ಅಂದ. "ಅದ ಅದು."

ಮೂರನೇ ದಿನ: ಅಷ್ಟೂರು, ಬಸವಕಲ್ಯಾಣ

ಬೆಳಿಗ್ಗೆ ಅಷ್ಟೂರಿನ ಗುಂಬಜ್‌ಗಳು. ಅಹ್ಮದ್ ಶಾ ವಲಿಯ ಗೋರಿಯೊಳಗೆ ಕತ್ತಲಿತ್ತು. ಕಾಯುವವರು ಹೊರಗೆ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಕಳಿಸಿದರು. ಕೆಂಪು, ಬಂಗಾರ, ನೀಲಿ ಎಲ್ಲ ಒಮ್ಮೆಗೇ ಕಣ್ಣು ಬಿಟ್ಟವು. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಸುಲ್ತಾನ ಇವನು. ವಲಿ, ಅಂದರೆ ಸಂತ, ಅನ್ನುವ ಹೆಸರು ಬಂದದ್ದು ಯುದ್ಧ ಗೆದ್ದದ್ದಕ್ಕಲ್ಲ. ಬರ ಬಿದ್ದಾಗ ಗುಡ್ಡ ಹತ್ತಿ ಮಳೆಗಾಗಿ ಬೇಡಿಕೊಂಡನಂತೆ, ಮಳೆ ಬಂತಂತೆ. ಅವತ್ತಿನಿಂದ ಜನ ವಲಿ ಎಂದು ಕರೆದರು. ಉರುಸಿಗೆ ಆಳಂದ ಕಡೆಯ ಮಾಡಿಯಾಳದಿಂದ ಜಂಗಮರು ನಡೆದು ಬರುತ್ತಾರೆ. ಇವನನ್ನು ಅಲ್ಲಮಪ್ರಭು ಎಂದೇ ನಂಬುವ ಭಕ್ತರಿದ್ದಾರೆ. ಎಲ್ಲರ ಪರವಾಗಿ ಒಮ್ಮೆ ನೀರು ಕೇಳಿದವನನ್ನು ಎಲ್ಲರೂ ತಮ್ಮವನು ಅಂದುಕೊಂಡಿದ್ದಾರೆ.

ಬಸವಕಲ್ಯಾಣ ಮುಟ್ಟಿದಾಗ ಸೂರ್ಯ ನೆತ್ತಿಯ ಮೇಲಿದ್ದ. ಜಾಸ್ತಿ ತಿರುಗಲಾಗಲಿಲ್ಲ. ತ್ರಿಪುರಾಂತಕ ಕೆರೆಯ ದಡದಲ್ಲಿ ಬೇವಿನ ನೆರಳಿಗೆ ಕೂತೆ. ಉಡುತಡಿಯಿಂದ ಅಕ್ಕಮಹಾದೇವಿ ನಡೆದು ಬಂದ ಕಲ್ಯಾಣ ಇದು. ನೀರಡಿಕೆಯಾದರೆ ಕೆರೆ, ಹಳ್ಳ, ಬಾವಿಗಳಿವೆ, ಆತ್ಮಕ್ಕೆ ಜೊತೆಯಾಗಲು ಮಾತ್ರ ಚೆನ್ನಮಲ್ಲಿಕಾರ್ಜುನ ನೀನೇ ಅಂದವಳು ಅಕ್ಕ. ಮೈಯ ನೀರಡಿಕೆ ಸುಲಭದ್ದು, ಮನಸ್ಸಿನದು ಕಷ್ಟದ್ದು ಎಂದೇ ನಾನು ಇಷ್ಟು ದಿನ ಅದನ್ನು ತಿಳಿದಿದ್ದೆ. ಆದರೆ ಅಪ್ಪನಿಗೆ ಕೆರೆ ಬಾವಿಗಳ ಬಾಗಿಲು ಮುಚ್ಚಿದೆ. ಅವನ ಪಾಲಿಗೆ ನೀರು ಆ ಮಾತಿನ ಮೊದಲ ಭಾಗದಿಂದ ಎದ್ದು ಕೊನೆಯ ಭಾಗಕ್ಕೆ ಹೋಗಿ ಕೂತಿದೆ, ದೇವರು ಕೂತ ಜಾಗಕ್ಕೆ. ನಲ್ಲಿಯ ಕೆಳಗೆ ಅವನು ಕೈ ಹಿಡಿದಿದ್ದು ನನಗೆ ಆಗ ಅರ್ಥವಾಯಿತು. ಅದು ಕಳ್ಳತನ ಆಗಿರಲಿಲ್ಲ.

ಅವತ್ತು ಅಪ್ಪನಿಗೆ ಡಯಾಲಿಸಿಸ್ ಆಗಿ ಸುಸ್ತಾಗಿತ್ತು. ಫೋನ್ ತಮ್ಮನೇ ಎತ್ತಿದ. ಬೀಗದ ಕೈ ದೇವರ ಗೂಡಿನಲ್ಲಿದೆ, ಕಪಾಟು ತೆಗೆದು ಲೋಟಗಳನ್ನು ಹೊರಗಿಡು ಅಂದೆ.

ನಾಲ್ಕನೇ ದಿನ: ಯಾದಗಿರಿ ಜಿಲ್ಲೆ

ಅಪ್ಪನ ಊರು ಶಹಾಪುರ ತಾಲ್ಲೂಕಿನಲ್ಲಿ. ಅವನು ಕೆಲಸ ಹುಡುಕಿಕೊಂಡು ಊರು ಬಿಟ್ಟಾಗ ಅಲ್ಲಿ ಇದ್ದದ್ದು ಜೋಳ, ತೊಗರಿಯ ಒಣ ಭೂಮಿ. ಈಗ ಬಸ್ಸಿನ ಕಿಟಕಿಯ ಹೊರಗೆ ಕಾಲುವೆ. ನಾರಾಯಣಪುರದ ಬಸವಸಾಗರದಿಂದ ಬರುವ ಎಡದಂಡೆ ಕಾಲುವೆಯ ನೀರು ಈ ಕಡೆಯ ಬದುಕನ್ನೇ ತಿರುಗಿಸಿದೆ. ಕೊಯ್ಲಾದ ಗದ್ದೆಗಳಲ್ಲಿ ನೆಲ್ಲಿನ ಕೂಳೆ ಒಣಗಿ ನಿಂತಿತ್ತು.

ನಮ್ಮ ಮನೆ ಎಂದೋ ಬಿದ್ದುಹೋಗಿದೆ. ಬಾವಿ ಮಾತ್ರ ಇದೆ. ಅಪ್ಪ ಹೇಳಿದ ಹಾಗೆಯೇ ಹುಣಸೆಮರ, ನಾಲ್ಕು ಕಲ್ಲುಕಂಬ, ಹಗ್ಗ ತಿಕ್ಕಿ ತಿಕ್ಕಿ ಕಲ್ಲಿನಲ್ಲಿ ಬಿದ್ದ ಗೀರುಗಳು. 1972ರ ಬರದಲ್ಲೂ ಇದು ಬತ್ತಲಿಲ್ಲ ಅನ್ನುವುದು ಅವನ ಹೆಮ್ಮೆ. ಮೂರು ಓಣಿಯವರು ಇದರಿಂದಲೇ ಬದುಕಿದರು ಅನ್ನುತ್ತಿದ್ದ.

ಅರವತ್ತರ ಆಸುಪಾಸಿನ ಒಬ್ಬ ಹೆಂಗಸು ಅಲ್ಲಿ ಬಟ್ಟೆ ಒಗೆಯಲು ನೀರು ಸೇದುತ್ತಿದ್ದರು. ನಾನು ಕುಡಿಯಲು ಬೊಗಸೆ ಚಾಚಿದಾಗ ಕೊಡ ಹಿಂದಕ್ಕೆಳೆದುಕೊಂಡರು.

"ಬ್ಯಾಡ ಯವ್ವಾ. ಈಗ ಇದನ್ನ ಯಾರೂ ಕುಡ್ಯಂಗಿಲ್ಲ. ಕಾಲುವಿ ಬಂದ ಮ್ಯಾಲ ಸುತ್ತ ನೆಲ್ಲು. ಗೊಬ್ಬರ, ಎಣ್ಣಿ ಎಲ್ಲ ಇಳೀತದ. ಕುಡ್ಯಾಕ ಆ ಮಷೀನಿನ ನೀರೇ."

ಎಣ್ಣೆ ಅಂದರೆ ಇಲ್ಲಿ ಬೆಳೆಗೆ ಹೊಡೆಯುವ ಔಷಧಿ. ಮಷೀನು ಅಂದರೆ ನಾಣ್ಯ ಹಾಕಿದರೆ ಕೊಡ ತುಂಬುವ ಶುದ್ಧ ನೀರಿನ ಘಟಕ. ನನಗೆ ಅಲ್ಲೇ ಕುಸಿಯುವಂತಾಯಿತು. ಇಡೀ ಪ್ರವಾಸ ಹೊರಟದ್ದೇ ಈ ಬಾವಿಯ ಒಂದು ಗುಟುಕಿಗೆ. ಹಗ್ಗದ ಪಕ್ಕ ಕೂತು ಅವರಿಗೆ ಅಪ್ಪನ ವಿಷಯ ಹೇಳಿದೆ. ಮೂರು ಓಣಿಯ ಮಾತೂ ಹೇಳಿದೆ.

ಅವರು ಕೊಡ ಕೆಳಗಿಟ್ಟರು.

"ಊರಾಗ ಓಣಿ ನಾಕು ಇದ್ದವು. ನಮ್ದು ನಾಕನೇದ್ದು. ನಮ್ಮವ್ವ ಆ ಹುಣಸಿ ಗಿಡದ ಬುಡಕ್ಕ ಕೊಡ ಇಟ್ಕೊಂಡು ಕಾಯ್ತಿದ್ದಳು. ಹಗ್ಗ ಮುಟ್ಟಂಗಿಲ್ಲ. ಮ್ಯಾಲಿನವ್ರು ಯಾರರ ಸೇದಿ ಎತ್ತಿ ಹಾಕಬೇಕು. ಒಮ್ಮೊಮ್ಮಿ ಸಂಜೀತನಕ ಯಾರೂ ಹಾಕ್ತಿದ್ದಿಲ್ಲ. ನಾನು ಆಕಿ ಸೆರಗು ಹಿಡ್ಕೊಂಡು ನೀರಡಿಕಿ ನೀರಡಿಕಿ ಅಂತ ಅಳ್ತಿದ್ದೆ. ನೀರಿನ ಸಪ್ಪಳ ಕೇಳ್ತಿತ್ತು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ತಡೆಯುವುದು ಸುಲಭವಾಗುತ್ತಿತ್ತು. ಅಪ್ಪ ನನಗೆ ಈ ಬಾವಿಯ ಬಗ್ಗೆ ಎಲ್ಲ ಹೇಳಿದ್ದ. ರುಚಿ, ತಂಪು, ಆಷಾಢದಲ್ಲಿ ನೀರು ಎಷ್ಟು ಮೇಲೆ ಬರುತ್ತಿತ್ತು, ಎಲ್ಲ. ಹುಣಸೆ ಮರದ ಬುಡದ ಸುದ್ದಿ ಮಾತ್ರ ಹೇಳಿರಲಿಲ್ಲ.

ಫೋನ್ ಮಾಡಿದೆ. ಸುಳ್ಳು ಹೇಳಲಾಗಲಿಲ್ಲ. ಬಾವಿ ಇದೆ ಅಪ್ಪಾ, ನೀರೂ ಇದೆ, ಆದರೆ ಕುಡಿಯುವ ಹಾಗಿಲ್ಲ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

"ಇರ್ಲಿ. ಒಂದು ಕೊಡ ಬಿಡು. ಸಪ್ಪಳರ ಕೇಳ್ತೀನಿ."

ಆ ಹೆಂಗಸಿನ ಮುಖ ನೋಡಿದೆ. ಅವರಿಗೆ ಕೇಳಿಸಿತ್ತು. ಹಗ್ಗ ಕೈಗೆ ತೆಗೆದುಕೊಂಡರು. ನಾನು ಫೋನನ್ನು ಬಾವಿಯ ಬಾಯಿಗೆ ಹಿಡಿದೆ. ಗಡಗಡೆ ತಿರುಗಿತು, ಕೊಡ ಇಳಿಯಿತು. ಕೆಳಗೆ ನೀರಿಗೆ ಬಡಿದು, ಓರೆಯಾಗಿ, ಗುಳುಗುಳು ತುಂಬಿಕೊಂಡಿತು. ಆಮೇಲೆ ಮೇಲಕ್ಕೆ ಬರುವಾಗ ತುಳುಕಿದ ಹನಿಗಳು ಒಂದೊಂದೇ ಕೆಳಗೆ ಬಿದ್ದವು.

"ಯಾರವ್ವಾ ಸೇದ್ಲಾಕತ್ಯಾರ?" ಅಪ್ಪ ಕೇಳಿದ.

ಹೇಳಿದೆ. ನಾಲ್ಕನೇ ಓಣಿಯವರು ಅಂದೆ. ಅವರ ತಾಯಿ ಹುಣಸೆ ಬುಡದಲ್ಲಿ ಕಾಯುತ್ತಿದ್ದರಂತೆ ಅಂದೆ.

ಆ ಕಡೆ ಉಸಿರು ಮಾತ್ರ ಕೇಳುತ್ತಿತ್ತು. ಲೈನ್ ಕಟ್ಟಾಯಿತೇನೋ ಅಂದುಕೊಂಡೆ.

"ಗೊತ್ತದ" ಅಂದ ಕೊನೆಗೆ. "ನೋಡೀನಿ ನಾನು ಆಕೀ ತಾಯೀನ. ನಾನೂ ಹಾಯ್ದು ಹೋಗೀನಿ, ನಮ್ಮ ಕೊಡ ತುಂಬ್ಕೊಂಡು."

ಮತ್ತೆ ಸುಮ್ಮನಾದ. ಹುಣಸೆಯ ನೆರಳು ಕಟ್ಟೆಯ ಮೇಲೆ ಬಂದಿತ್ತು.

"ಇನ್ನೊಂದು ಸಲ ಬಿಡ್ಲಿಕ್ಕ ಹೇಳು ಆಕೀಗೆ" ಅಂದ. ಕೂಡಲೇ ತಡೆದ. "ಹೇಳಬ್ಯಾಡ. ಕೈಮುಗ್ದು ಕೇಳ್ಕೋ."

ಕೇಳಿಕೊಂಡೆ. ಅವರು ಸೆರಗಿನಿಂದ ಕೈ ಒರೆಸಿಕೊಂಡು, ಮಾತಾಡದೆ, ಮತ್ತೆ ಹಗ್ಗ ಬಿಟ್ಟರು.